ಕೊರಳ ಗಂಟೂ ಸಂಜೆಯ ಜ್ವರವೂ

ಹಿಂದಿನ ವರ್ಷದ ಮಳೆಗಾಲದಲ್ಲಿ, ಕುಮಾರಧಾರೆಯು ಸ್ನಾನಘಟ್ಟದ ಮೆಟ್ಟಿಲುಗಳನ್ನು ಮುಳುಗಿಸಿ ಹರಿಯುತ್ತಿದ್ದ ಒಂದು ಸಂಜೆ, ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದು ಜಗಲಿಯಲ್ಲಿ ಕುಳಿತನು. ಸುಬ್ರಹ್ಮಣ್ಯದ ಆಚೆಗೆ ಅವನಿಗೊಂದು ಸಣ್ಣ ಅಡಿಕೆತೋಟವುಂಟು. ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವೃದ್ಧೆಯಾದ ತಾಯಿ, ಇಷ್ಟು ಸಂಸಾರ. ವಯಸ್ಸು ಮೂವತ್ತನಾಲ್ಕು. ತರಗತಿಯಲ್ಲಿ ಎಲ್ಲರಿಗಿಂತಲೂ ಗಟ್ಟಿಮುಟ್ಟಾಗಿದ್ದ ಹುಡುಗನು ಅಂದು ಬೇರೆ ಯಾರದೋ ಅಂಗಿಯನ್ನು ತೊಟ್ಟುಕೊಂಡು ಬಂದವನಂತೆ ಕಂಡನು.

ಅವನ ವೃತ್ತಾಂತವಿಷ್ಟು. ಶಿವರಾತ್ರಿಯ ಮುಂಚೆಯೇ ಎಡಗಡೆಯ ಕೊರಳೆಲುಬಿನ ಮೇಲುಗಡೆ ಒಂದು ಅಡಿಕೆಯಷ್ಟು ಗಾತ್ರದ ಗಂಟು ಎದ್ದಿತ್ತು. ನೋವಿಲ್ಲ, ಕೆಂಪಿಲ್ಲ. ಆದರೆ ಸಂಜೆಯಾಗುತ್ತಲೆ ಮೈ ಬಿಸಿಯೇರುವುದು. ನಡುರಾತ್ರಿಯಲ್ಲಿ ಹೊದಿಕೆಯನ್ನು ಹಿಂಡಿದರೆ ನೀರು ಬರುವಷ್ಟು ಬೆವರು. ಅರವತ್ತೆಂಟು ಕಿಲೋ ಇದ್ದ ತೂಕವು ಐವತ್ತೊಂಬತ್ತಕ್ಕೆ ಇಳಿಯಿತು. ಮೊದಲು ನೋಡಿದ ವೈದ್ಯರು ಇವೆಲ್ಲವೂ ಕ್ಷಯದ ಲಕ್ಷಣಗಳೆಂದು ನಿಶ್ಚಯಿಸಿ, ಗಂಟನ್ನು ಪರೀಕ್ಷೆಗೊಳಪಡಿಸದೆಯೇ ಕ್ಷಯದ ಔಷಧವನ್ನು ಆರಂಭಿಸಿದರು. ಅವರು ಯಾರೆಂಬುದನ್ನು ಹೇಳುವ ಅಗತ್ಯವಿಲ್ಲ. ನಮ್ಮ ದೇಶದಲ್ಲಿ ಇಂಥ ಗಂಟುಗಳಲ್ಲಿ ಬಹುಪಾಲು ಕ್ಷಯದವೇ ಆಗಿರುವುದರಿಂದ ಆ ಊಹೆಯು ಅಷ್ಟೇನೂ ಅಸಹಜವಾದುದಲ್ಲ. ಐದು ತಿಂಗಳು ಕಳೆದರೂ ಜ್ವರವು ಬಿಡಲಿಲ್ಲ. ಕಡೆಗೆ ಮಂಗಳೂರಿನಲ್ಲಿ ಗಂಟನ್ನು ಕತ್ತರಿಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಕ್ಷಯವಲ್ಲ, ಹಾಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಅರ್ಬುದ ಎಂದು ತಿಳಿಯಿತು. ಆ ವರದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ನನ್ನಲ್ಲಿಗೆ ಬಂದಿದ್ದನು.

“ಮಾಸ್ಟ್ರೇ, ಗಂಟು ಇರುವುದು ಕೊರಳಲ್ಲಿ. ನೋವೂ ಇಲ್ಲ. ಹಾಗಾದರೆ ಜ್ವರ ಇಡೀ ಮೈಗೆ ಯಾಕೆ ಬರುವುದು? ತಿಂದ ಅನ್ನ ಎಲ್ಲಿಗೆ ಹೋಗುವುದು?” ಎಂದು ಕೇಳಿದನು.

ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ನನ್ನನ್ನು ಇಷ್ಟು ನಿರುತ್ತರನನ್ನಾಗಿ ಮಾಡಿದ ಪ್ರಶ್ನೆಗಳು ಕೆಲವೇ. ನಾನು ಕಲಿಸಿದ್ದು ಸಂಸ್ಕೃತ, ಕನ್ನಡಗಳನ್ನು, ವೈದ್ಯವನ್ನಲ್ಲ. ಆದರೂ ಶಿಷ್ಯನು ಕೇಳಿದ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಡುವುದು ಉಪಾಧ್ಯಾಯನ ಕರ್ತವ್ಯವಷ್ಟೆ. ಮಂಗಳೂರಿನಲ್ಲಿ ವೈದ್ಯನಾಗಿರುವ ಇನ್ನೊಬ್ಬ ಶಿಷ್ಯನಿಂದ ಪುಸ್ತಕಗಳನ್ನು ತರಿಸಿ, ತಿಳಿಯದ ಕಡೆಗಳಲ್ಲಿ ಅವನನ್ನೇ ಕೇಳಿ, ನಾನು ಅರಿತುಕೊಂಡುದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಶರೀರದಲ್ಲಿ ರಕ್ತವು ಹರಿಯುವ ನಾಳಗಳಲ್ಲದೆ ದುಗ್ಧರಸವೆಂಬ ತಿಳಿಯಾದ ದ್ರವವು ಹರಿಯುವ ನಾಳಗಳೂ ಇರುವುವು. ಅವುಗಳ ದಾರಿಯಲ್ಲಿ ಅಲ್ಲಲ್ಲಿ ಸಣ್ಣ ಗ್ರಂಥಿಗಳುಂಟು. ಕೊರಳು, ಕಂಕುಳು, ತೊಡೆಯ ಸಂದು, ಎದೆ, ಹೊಟ್ಟೆ ಎಲ್ಲ ಸೇರಿ ಸುಮಾರು 600. ಇವು ಸುಂಕದ ಕಟ್ಟೆಗಳಿದ್ದಂತೆ. ಲಿಂಫೊಸೈಟು ಎಂಬ ಬಿಳಿಯ ರಕ್ತಕಣಗಳು ಇಲ್ಲಿ ಕಾವಲಿದ್ದು, ಹಾದುಹೋಗುವ ರೋಗಾಣುಗಳನ್ನು ತಡೆಯುವುವು. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಯ ಸಂದಿನಲ್ಲಿ ಗಡ್ಡೆ ಕಟ್ಟುವುದನ್ನು ಯಾರು ತಾನೆ ಕಂಡಿಲ್ಲ? ಆ ಕಾವಲಿನ ಕಣಗಳೇ ಕೆಟ್ಟು, ಮೇರೆಯಿಲ್ಲದೆ ಹೆಚ್ಚತೊಡಗಿದರೆ ಅದಕ್ಕೆ ಲಿಂಫೋಮಾ ಎಂದು ಹೆಸರು.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ, ಅಪಚೀ, ಅರ್ಬುದ, ಗಲಗಂಡ ಎಂಬ ನಾಲ್ಕನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟು ವಿವರಿಸಿರುವರು. ದವಡೆ, ಕಂಕುಳು, ಕೊರಳುಗಳಲ್ಲಿ ಎದ್ದು, ಕೆಲವು ಒಡೆದು ಸೋರಿ, ಕೆಲವು ಅಡಗಿ, ಮತ್ತೆ ಬೇರೆಯವು ಏಳುತ್ತ ವರ್ಷಗಟ್ಟಲೆ ನಡೆಯತಕ್ಕದ್ದು ಅಪಚೀ. ಪಾಕಕ್ಕೆ ಬಾರದೆ, ಎಂದರೆ ಕೀವಾಗದೆ, ನಿಧಾನವಾಗಿ ಬೆಳೆಯತಕ್ಕದ್ದು ಅರ್ಬುದ. ಇಂದು ಕ್ಷಯದ ಗಂಟೆಂದೂ ಅರ್ಬುದದ ಗಂಟೆಂದೂ ಮಾಡುವ ಭೇದಕ್ಕೆ ಇದು ಎಷ್ಟು ಸಮೀಪವಾಗಿದೆ ಎಂಬುದನ್ನು ನೋಡಿದರೆ ಆ ಕಣ್ಣುಗಳ ತೀಕ್ಷ್ಣತೆಗೆ ಆಶ್ಚರ್ಯವಾಗುವುದು. ಹಾಗೆಂದು, ಮುಂದೆ ಹೇಳಲಿರುವುದೆಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಸಾಧಿಸಹೊರಡುವ ಪಂಡಿತರ ಗುಂಪಿಗೆ ನಾನು ಸೇರಿದವನಲ್ಲ. ಅವರು ಕಂಡದ್ದನ್ನು ಕಂಡಂತೆ ಬರೆದರು. ಕಾಣದ್ದನ್ನು ಅವರ ತಲೆಗೆ ಕಟ್ಟುವುದು ಅವರಿಗೆ ಮಾಡುವ ಗೌರವವಲ್ಲ.

ಈ ಎರಡು ರೋಗಗಳ ಗೊಂದಲವು ನಮ್ಮ ಊರಿನದು ಮಾತ್ರವಲ್ಲ. 1832ರಲ್ಲಿ ಲಂಡನಿನ ಗಯ್ಸ್ ಆಸ್ಪತ್ರೆಯ ಥಾಮಸ್ ಹಾಜ್‌ಕಿನ್ ಎಂಬವರು ಇಂಥ ರೋಗಿಗಳ ವಿಷಯವಾಗಿ ಮೊದಲ ಲೇಖನವನ್ನು ಪ್ರಕಟಿಸಿದರು. 1898ರಲ್ಲಿ ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ ಈ ಗಂಟುಗಳಲ್ಲಿ ಒಂದು ಬಗೆಯ ಹಿರಿಯ ಗಾತ್ರದ ಕೋಶವನ್ನು ಗುರುತಿಸಿದರೂ, ಇದು ಕ್ಷಯದ್ದೇ ಒಂದು ವಿಚಿತ್ರ ರೂಪವೆಂದು ಭಾವಿಸಿದರು. ಹಾಗಲ್ಲವೆಂದು 1902ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿದ್ಯಾಶಾಲೆಯ ಡೊರೊತಿ ರೀಡ್ ಎಂಬ ತರುಣಿ. ಆ ಕೋಶಕ್ಕೆ ಇಂದಿಗೂ ರೀಡ್-ಸ್ಟರ್ನ್‌ಬರ್ಗ್ ಕೋಶವೆಂದೇ ಹೆಸರು. ಒಂದು ಕೋಶದ ಒಳಗೆ ಎರಡು ದೊಡ್ಡ ಬೀಜಗಳು ಕೂಡಿಕೊಂಡು ಗೂಬೆಯ ಕಣ್ಣುಗಳಂತೆ ನೋಡುತ್ತಿರುವುವು. ಆ ಚಿತ್ರವನ್ನು ಒಮ್ಮೆ ನೋಡಿದವರು ಮರೆಯಲಾರರು.

ಆದರೆ ಹಾಜ್‌ಕಿನ್ನರ ಗಂಟಿನಲ್ಲಿ ನಿಜವಾಗಿ ಬೆರಗಾಗಬೇಕಾದ ಸಂಗತಿಯು ಬೇರೊಂದುಂಟು. ಗಂಟು ಎಷ್ಟೇ ದೊಡ್ಡದಿರಲಿ, ಅದರಲ್ಲಿ ಅರ್ಬುದದ ಕೋಶಗಳು ನೂರಕ್ಕೆ ಒಂದೆರಡು ಮಾತ್ರ. ಉಳಿದ ತೊಂಬತ್ತೆಂಟು ಯಾವುವು? ಎಲ್ಲವೂ ನಿರ್ದೋಷಿಗಳಾದ ಬಿಳಿಯ ರಕ್ತಕಣಗಳು. ಹೊರಗಿನಿಂದ ಬಂದು ಗುಂಪುಕೂಡಿದವು. ಇವನ್ನು ಕರೆದವರಾರು?

ಇಲ್ಲಿಯೇ ನಮ್ಮ ಪ್ರಶ್ನೆಯ ಕೀಲಿಯಿರುವುದು. ನಮ್ಮ ಸೀಮೆಯಲ್ಲಿ ಮನೆಯಲ್ಲೊಂದು ಮದುವೆಯೋ ಉಪನಯನವೋ ನಡೆಯುವುದಾದರೆ ಮನೆಮನೆಗೆ ಹೋಗಿ ‘ಹೇಳಿಕೆ’ ಹೇಳಿ ಬರುವ ಪದ್ಧತಿಯುಂಟಷ್ಟೆ. ಶರೀರದ ಕೋಶಗಳಲ್ಲಿಯೂ ಇಂಥ ಹೇಳಿಕೆಯ ವ್ಯವಹಾರವುಂಟು. ಗಾಯವಾಯಿತು, ರೋಗಾಣು ಹೊಕ್ಕಿತು ಎಂದರೆ, ಅಲ್ಲಿಯ ಕೋಶಗಳು ಅತ್ಯಲ್ಪ ಪ್ರಮಾಣದ ಕೆಲವು ಪ್ರೋಟೀನುಗಳನ್ನು ಹೊರಚೆಲ್ಲುವುವು. ಇವು ರಕ್ತದಲ್ಲಿಯೂ ರಸದಲ್ಲಿಯೂ ಹರಿದುಹೋಗಿ ದೂರದ ಕೋಶಗಳಿಗೆ ವಾರ್ತೆಯನ್ನು ಮುಟ್ಟಿಸುವುವು: ಬನ್ನಿರಿ, ಹೆಚ್ಚಿರಿ, ಹೋರಾಡಿರಿ, ಅಥವಾ ಸಾಕು, ನಿಲ್ಲಿರಿ. ಗಾಯದ ಸುತ್ತ ಕೆಂಪು, ಬಿಸಿ, ಊತ, ನೋವುಗಳು ಕಾಣುವುದು ಈ ವಾರ್ತೆಯ ಫಲವೇ. ಅದಕ್ಕೇ ಉರಿಯೂತವೆಂದು ಹೆಸರು. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್ಮನ್ ಎಂಬವರು ಇಂಥ ಒಂದು ದ್ರವ್ಯವನ್ನು ಕಂಡು ಇಂಟರ್‌ಫೆರಾನ್ ಎಂದು ಹೆಸರಿಟ್ಟರು. 1974ರಲ್ಲಿ ಸ್ಟ್ಯಾನ್ಲಿ ಕೋಹೆನ್ ಎಂಬವರು ಈ ವರ್ಗಕ್ಕೆಲ್ಲ ಸೈಟೋಕೈನ್ ಎಂಬ ಹೆಸರನ್ನು ಬಳಕೆಗೆ ತಂದರು. ಗ್ರೀಕಿನಲ್ಲಿ ಕೋಶವೆಂಬ ಶಬ್ದಕ್ಕೆ ಚಲನೆಯೆಂಬುದನ್ನು ಸೇರಿಸಿದ ಸಮಾಸವದು. ನನ್ನ ಕಿವಿಗೆ ‘ಕೋಶದೂತ’ ಎಂಬುದು ಇಂಪಾಗಿರುವುದು, ಆದರೆ ಲೋಕವು ಒಪ್ಪಿದ ಹೆಸರನ್ನೇ ಉಳಿಸಿಕೊಳ್ಳೋಣ. 2020ರ ಕೊರೋನಾ ಕಾಲದಲ್ಲಿ ಪತ್ರಿಕೆಗಳಲ್ಲೆಲ್ಲ ‘ಸೈಟೋಕೈನ್ ಚಂಡಮಾರುತ’ ಎಂದು ಬಂದುದನ್ನು ವಾಚಕರು ನೆನೆಯಬಹುದು. ಅದೇ ಇದು.

ಸ್ವಸ್ಥ ಶರೀರದಲ್ಲಿ ಕಾರ್ಯವು ಮುಗಿದ ಮೇಲೆ ಹೇಳಿಕೆಯೂ ನಿಲ್ಲುವುದು. ರೀಡ್-ಸ್ಟರ್ನ್‌ಬರ್ಗ್ ಕೋಶದಲ್ಲಾದರೋ, ವಾರ್ತೆಯನ್ನು ಹೊರಡಿಸುವ ಒಳಗಿನ ಕೀಲು ಸದಾ ತೆರೆದೇ ಇರುವುದು. ಮದುವೆಯಿಲ್ಲದ ಮನೆಯಿಂದ ದಿನದಿನವೂ ಹೇಳಿಕೆ ಹೋಗುತ್ತಿರುವಂತೆ ಅದು ದೂತರನ್ನು ಅಟ್ಟುತ್ತಲೇ ಇರುವುದು. ಇಂಟರ್‌ಲ್ಯೂಕಿನ್-5 ಎಂಬುದು ಇಯೊಸಿನೊಫಿಲ್ ಕಣಗಳನ್ನು ಪೋಷಿಸುವುದು. ಬೇರೆ ಕೆಲವು ದೂತರು ಟಿ ಲಿಂಫೊಸೈಟುಗಳನ್ನು ಹಿಂಡುಹಿಂಡಾಗಿ ಕರೆತರುವರು. ಬಂದವರು ಸುಮ್ಮನಿರುವರೆ? ಅವರೂ ತಮ್ಮ ದೂತರನ್ನು ಹೊರಡಿಸುವರು, ಅದರಿಂದ ಅರ್ಬುದದ ಕೋಶಕ್ಕೆ ಇನ್ನಷ್ಟು ಪುಷ್ಟಿ. ಇಂಟರ್‌ಲ್ಯೂಕಿನ್-13 ಎಂಬುದನ್ನಂತೂ ಆ ಕೋಶವು ತಾನೇ ಮಾಡಿ ತಾನೇ ಉಂಡು ಬೆಳೆಯುವುದು. ಇಷ್ಟು ಕಾವಲುಗಾರರು ಸುತ್ತಲೂ ನಿಂತಿರುವಾಗ ಕಳ್ಳನನ್ನು ಯಾರೊಬ್ಬರೂ ಏಕೆ ಹಿಡಿಯುವುದಿಲ್ಲವೆಂದರೆ, ಇಂಟರ್‌ಲ್ಯೂಕಿನ್-10 ಮೊದಲಾದ, ಸಾಕು ನಿಲ್ಲಿರಿ ಎನ್ನುವ ದೂತರನ್ನೂ ಅದೇ ಕೋಶವು ಕಳುಹಿಸುತ್ತಿರುವುದು. ಎಲ್ಲರನ್ನೂ ಕರೆದು ಎಲ್ಲರ ಕೈಯನ್ನೂ ಕಟ್ಟಿಹಾಕುವ ಈ ಚಾತುರ್ಯವು ನೀತಿಕಥೆಗಳ ನರಿಗೂ ಇರಲಾರದು.

ಇನ್ನು ಜ್ವರದ ವಿಷಯ. ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿ.ಎನ್.ಎಫ್. ಎಂಬ ಮೂವರು ದೂತರು ರಕ್ತದಲ್ಲಿ ಸಂಚರಿಸುತ್ತ ಮೆದುಳಿನ ಬುಡದ ಹೈಪೊಥಲಾಮಸ್ ಎಂಬ ಭಾಗಕ್ಕೆ ವಾರ್ತೆಯನ್ನು ಮುಟ್ಟಿಸುವರು. ಅಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯವು ಉಂಟಾಗಿ, ಮೈಯ ಕಾವು ಎಷ್ಟಿರಬೇಕೆಂಬ ಅಳತೆಯೇ ಮೇಲಕ್ಕೆ ಸರಿಯುವುದು. ಆಗ 37 ಡಿಗ್ರಿಯ ಮೈಯೂ ತಣ್ಣಗಿದೆಯೆಂದು ತೋರಿ, ನಡುಕ ಬಂದು, ಕಾವು ಏರುವುದು. ರಾತ್ರಿ ಆ ಅಳತೆಯು ಕೆಳಗಿಳಿದಾಗ ಹೆಚ್ಚಾದ ಕಾವನ್ನು ಹೊರಹಾಕಲು ಬೆವರು ಹರಿಯುವುದು. ಜ್ವರವು ಗಂಟಿನಲ್ಲಿಲ್ಲ, ಗಂಟು ಕಳುಹಿಸಿದ ವಾರ್ತೆಯನ್ನು ನಂಬಿದ ಮೆದುಳಿನಲ್ಲಿದೆ. 1885ರಲ್ಲಿ ಪೆಲ್, 1887ರಲ್ಲಿ ಎಬ್‌ಸ್ಟೈನ್ ಎಂಬವರು ಈ ರೋಗದಲ್ಲಿ ಕೆಲವರಿಗೆ ಒಂದೆರಡು ವಾರ ಜ್ವರ, ಮತ್ತೆ ಒಂದೆರಡು ವಾರ ವಿರಾಮ ಹೀಗೆ ಅಲೆಯಲೆಯಾಗಿ ಬರುವುದನ್ನು ಬರೆದಿಟ್ಟರು. ವಿರಾಮದ ವಾರಗಳಲ್ಲಿ, ಔಷಧವು ನಾಟಿತೆಂದು ಮನೆಯವರು ಸಂತೋಷಪಡುವುದುಂಟು.

ತಿಂದ ಅನ್ನವೆಲ್ಲಿಗೆ ಹೋಯಿತು? ಟಿ.ಎನ್.ಎಫ್. ಎಂಬುದಕ್ಕೆ ಮೊದಲು ಕ್ಯಾಕೆಕ್ಟಿನ್, ಎಂದರೆ ಸೊರಗಿಸತಕ್ಕದ್ದು, ಎಂಬ ಬೇರೊಂದು ಹೆಸರಿತ್ತು. ಎರಡೂ ಒಂದೇ ಎಂದು ತಿಳಿದದ್ದು 1985ರಲ್ಲಿ. ಅದೂ ಅದರ ಜತೆಯವರೂ ಹಸಿವನ್ನು ಕುಗ್ಗಿಸಿ, ಕೊಬ್ಬನ್ನೂ ಮಾಂಸವನ್ನೂ ಕರಗಿಸುವರು. ಇದಲ್ಲದೆ ಇಂಟರ್‌ಲ್ಯೂಕಿನ್-6 ಯಕೃತ್ತಿಗೆ ಹೋಗಿ ಹೆಪ್ಸಿಡಿನ್ ಎಂಬುದನ್ನು ಹೆಚ್ಚಿಸುವುದು. ಅದು ಶರೀರದ ಕಬ್ಬಿಣವನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕುವುದು. ರಕ್ತವನ್ನು ಮಾಡಲು ಕಬ್ಬಿಣ ಸಿಕ್ಕದೆ ರೋಗಿಯು ಬಿಳಿಚಿಕೊಳ್ಳುವನು. ನನ್ನ ಶಿಷ್ಯನ ತಾಯಿ ಮಗನಿಗೆ ನಾಲ್ಕು ತಿಂಗಳು ಕಬ್ಬಿಣದ ಟಾನಿಕ್ಕನ್ನೂ ನುಗ್ಗೆಸೊಪ್ಪನ್ನೂ ತಪ್ಪದೆ ಕೊಟ್ಟರು. ಉಗ್ರಾಣವು ತುಂಬಿಯೇ ಇತ್ತು. ಬೀಗದ ಕೈ ಬೇರೆಯವರಲ್ಲಿತ್ತು. ಅದೇ ದೂತನ ದೆಸೆಯಿಂದ ಯಕೃತ್ತು ಬೇರೆ ಕೆಲವು ಪ್ರೋಟೀನುಗಳನ್ನೂ ಹೆಚ್ಚಾಗಿ ಸುರಿಸುವುದರಿಂದ ಇ.ಎಸ್.ಆರ್. ಎಂಬ ರಕ್ತಪರೀಕ್ಷೆಯ ಅಂಕೆಯು ಏರುವುದು. ಆ ಅಂಕೆಯು ಊರಿನಲ್ಲಿ ಉರಿಯುಂಟೆಂದು ಹೇಳುವುದೇ ಹೊರತು ಯಾರ ಮನೆಯಲ್ಲಿ ಎಂದು ಹೇಳದು.

ವೈದ್ಯರು ಈ ಮೂರನ್ನು, 38 ಡಿಗ್ರಿ ಮೀರಿದ ಜ್ವರ, ಹಾಸಿಗೆ ತೊಯ್ಯುವ ರಾತ್ರಿಬೆವರು, ಆರು ತಿಂಗಳಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ತೂಕದ ಇಳಿತ, ‘ಬಿ’ ಲಕ್ಷಣಗಳೆಂದು ಕರೆದು, ರೋಗದ ಮಟ್ಟವನ್ನು ಬರೆಯುವಾಗ ಪಕ್ಕದಲ್ಲಿ ಆ ಅಕ್ಷರವನ್ನು ಇಡುವರು. 1971ರ ಆನ್ ಆರ್ಬರ್ ಸಮ್ಮೇಳನದ ಕ್ರಮವು ಇಂದಿಗೂ ನಡೆದುಬಂದಿದೆ. ಕೆಲವರಿಗೆ ಮೈತುರಿಕೆಯೂ ಉಂಟಾಗುವುದು.

ಈಗ ಕ್ಷಯದೊಡನೆ ಆದ ಗೊಂದಲವು ತಾನಾಗಿಯೇ ತಿಳಿಯುವುದು. ಕ್ಷಯದ ಗಂಟಿನಲ್ಲಿಯೂ ಇದೇ ದೂತರೇ ಹೊರಡುವರು. ಅಲ್ಲಿ ಶತ್ರುವು ನಿಜವಾಗಿಯೂ ಇರುವನು, ಇಲ್ಲಿ ಇಲ್ಲ. ಮೆದುಳಿಗೂ ಯಕೃತ್ತಿಗೂ ಆ ವ್ಯತ್ಯಾಸವು ತಿಳಿಯುವ ಬಗೆಯಿಲ್ಲ. ಅವು ಎರಡೂ ವಾರ್ತೆಗಳಿಗೆ ಒಂದೇ ಉತ್ತರವನ್ನು ಕೊಡುವುವು: ಜ್ವರ, ಬೆವರು, ಸೊರಗು. ಹೀಗಿರುವಾಗ ಲಕ್ಷಣವನ್ನು ಮಾತ್ರ ಕೇಳಿ ರೋಗವನ್ನು ಹೇಳುವುದು ಹೇಗೆ? ಗಂಟನ್ನೇ ತೆರೆದು ನೋಡಬೇಕು. ಸಣ್ಣ ಸೂಜಿಯಿಂದ ಕೋಶಗಳನ್ನು ಎಳೆದು ನೋಡುವ ಪರೀಕ್ಷೆಯು ಸುಲಭವಾದುದು, ಕ್ಷಯವನ್ನು ಹುಡುಕಲು ಬಹಳ ಉಪಯುಕ್ತವಾದುದು. ಆದರೆ ನೂರಕ್ಕೆ ಒಂದೆರಡೇ ದುಷ್ಟ ಕೋಶಗಳಿರುವ ಗಂಟಿನಲ್ಲಿ ಸೂಜಿಗೆ ಅವು ಸಿಕ್ಕದೆಹೋಗಬಹುದು. ಆದುದರಿಂದ ಸಂಶಯವಿದ್ದರೆ ಗ್ರಂಥಿಯನ್ನು ಇಡಿಯಾಗಿ ತೆಗೆದು ನೋಡುವುದು ಉತ್ತಮ. ನಾಲ್ಕು ವಾರಗಳಾದರೂ ಇಳಿಯದ ಗಂಟು, ಎರಡು ಸೆಂಟಿಮೀಟರಿಗಿಂತ ಮೀರಿದ ಗಂಟು, ಕೊರಳೆಲುಬಿನ ಮೇಲಿನ ಯಾವುದೇ ಗಂಟು, ಇವನ್ನು ವೈದ್ಯರಿಗೆ ತೋರಿಸದೆ ಇರಬಾರದು. ಕ್ಷಯವೇ ಎಂದು ತಿಳಿದರೆ ಔಷಧವು ಸರಕಾರದಿಂದ ಉಚಿತವಾಗಿ ದೊರೆಯುವುದು. ಅದನ್ನು ತಪ್ಪದೆ ಮುಗಿಸಬೇಕು. ಆ ಔಷಧವನ್ನು ಕೊಟ್ಟೂ ಜ್ವರ ಬಿಡದಿದ್ದರೆ, ಗಂಟು ದೊಡ್ಡದಾದರೆ, ಮತ್ತೊಮ್ಮೆ ಕೇಳಬೇಕು. ಕೇಳಲು ಸಂಕೋಚಪಡುವುದು ನಮ್ಮ ಜನರ ಸ್ವಭಾವ. ನನ್ನ ಶಿಷ್ಯನ ಐದು ತಿಂಗಳು ಹೋದದ್ದು ಬಹುಮಟ್ಟಿಗೆ ಆ ಸಂಕೋಚದಲ್ಲಿ.

ಇಲ್ಲಿ ಇನ್ನೊಂದು ಮಾತನ್ನು ಬಿಡುವಂತಿಲ್ಲ. ಸ್ಟೆರಾಯ್ಡು ಎಂಬ ಮಾತ್ರೆಗಳು ಈ ದೂತರ ಬಾಯನ್ನು ಕಟ್ಟುವುವು, ಲಿಂಫೊಸೈಟುಗಳನ್ನು ಕರಗಿಸಲೂ ಬಲ್ಲುವು. ಎರಡು ದಿನದಲ್ಲಿ ಜ್ವರ ಹೋಗಿ ಹಸಿವು ಬರುವುದು, ಗಂಟೂ ಸಣ್ಣದಾದೀತು. ಆದರೆ ಆಮೇಲೆ ತೆಗೆದು ನೋಡಿದ ಗಂಟಿನಲ್ಲಿ ರೋಗದ ಗುರುತು ಅಳಿಸಿಹೋಗಿ, ಕೆಲವು ವಾರಗಳ ಮೇಲೆ ರೋಗವು ಇಮ್ಮಡಿಯಾಗಿ ಮರಳಬಹುದು. ಪರೀಕ್ಷೆಗೆ ಮುಂಚೆ ಇಂಥ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವುದು, ಪತ್ತೆಗಾರನು ಬರುವ ಮುಂಚೆ ಅಂಗಳವನ್ನು ಗುಡಿಸಿದಂತೆ.

ಅರ್ಬುದವು ಉರಿಯೂತವನ್ನು ಹುಟ್ಟಿಸುವುದೆಂದು ಇಷ್ಟು ಹೇಳಿದೆ. ಉರಿಯೂತವೇ ಅರ್ಬುದವನ್ನು ಹುಟ್ಟಿಸಬಲ್ಲುದೆ? ಜರ್ಮನಿಯ ರುಡೋಲ್ಫ್ ವಿರ್ಖೋ 1863ರಲ್ಲಿಯೇ ಹಾಗೆಂದು ಊಹಿಸಿದ್ದರು. ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಎಂಬವರು 1982ರಲ್ಲಿ ಮನುಷ್ಯನ ಜಠರದಲ್ಲಿ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯವು ಮನೆಮಾಡಿಕೊಂಡು ಬಹುಕಾಲದ ಉರಿಯೂತವನ್ನು ಉಂಟುಮಾಡುವುದೆಂದು ಕಂಡು, 2005ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ಆ ಉರಿಯೂತದಲ್ಲಿ ಬಂದು ಸೇರಿದ ಲಿಂಫೊಸೈಟುಗಳಿಂದಲೇ ಕೆಲವರಲ್ಲಿ ಜಠರದ ಲಿಂಫೋಮಾ ಹುಟ್ಟುವುದುಂಟು. 1993ರಲ್ಲಿ ವೊದರ್‌ಸ್ಪೂನ್, ಐಸಾಕ್ಸನ್ ಮೊದಲಾದವರು ಇಂಥ ಆರು ಮಂದಿಗೆ ಆ ಬ್ಯಾಕ್ಟೀರಿಯವನ್ನು ಕೊಲ್ಲುವ ಸಾಮಾನ್ಯ ಆಂಟಿಬಯೋಟಿಕ್ಕುಗಳನ್ನು ಕೊಟ್ಟರು. ಐವರಲ್ಲಿ ಅರ್ಬುದವೇ ಕಾಣದಾಯಿತು! ಕರೆಯುವ ಕಾರಣವು ತಪ್ಪಿದೊಡನೆ ಹೇಳಿಕೆಯೂ ತಪ್ಪಿ, ಪೋಷಣೆಯಿಲ್ಲದೆ ಅದು ಬತ್ತಿತು. ಎಲ್ಲ ಲಿಂಫೋಮಾಗಳೂ ಇಷ್ಟು ಸಾಧುವಲ್ಲವೆಂಬುದನ್ನೂ ಹೇಳಬೇಕು. ವರ್ಷಗಟ್ಟಲೆ ತೀವ್ರವಾಗಿರುವ ರುಮಟಾಯ್ಡ್ ಸಂಧಿವಾತದವರಲ್ಲಿ ಲಿಂಫೋಮಾ ಇತರರಿಗಿಂತ ಸುಮಾರು ಎರಡರಷ್ಟು ಕಾಣಬರುವುದು; ಆದರೂ ಅಂಥವರಲ್ಲಿ ಬಹುಮಂದಿಗೆ ಅದು ಎಂದಿಗೂ ಬಾರದು, ಆದುದರಿಂದ ಮಂಡಿನೋವಿನ ಹಿರಿಯರು ಇದನ್ನು ಓದಿ ನಿದ್ದೆಗೆಡಬಾರದು.

ದೂತನನ್ನೇ ತಡೆದರೆ ಏನಾಗುವುದು? ಜಪಾನಿನ ಒಸಾಕಾದಲ್ಲಿ ಹಿರಾನೊ, ಕಿಶಿಮೊಟೊ ಎಂಬವರು 1986ರಲ್ಲಿ ಇಂಟರ್‌ಲ್ಯೂಕಿನ್-6ರ ರಚನೆಯನ್ನು ಬಿಡಿಸಿದರು. ಮುಂದೆ ಅದು ಮುಟ್ಟುವ ಬಾಗಿಲನ್ನೇ ಮುಚ್ಚುವ ಟೋಸಿಲಿಜುಮ್ಯಾಬ್ ಎಂಬ ಔಷಧವು ಸಿದ್ಧವಾಗಿ, ಲಿಂಫೋಮಾದ ದಾಯಾದಿಯೆನ್ನಬಹುದಾದ ಕ್ಯಾಸಲ್‌ಮನ್ ರೋಗಕ್ಕೆ 2005ರಲ್ಲಿ ಜಪಾನಿನಲ್ಲಿ ಒಪ್ಪಿಗೆ ಪಡೆಯಿತು. ಅದನ್ನು ಕೊಟ್ಟಾಗ ಜ್ವರವೂ ರಕ್ತಹೀನತೆಯೂ ಇಳಿದುದೇ ಈ ದೂತನ ಕೈವಾಡಕ್ಕೆ ಸಾಕ್ಷಿ. ದೂತರು ಬರಿಯ ದುಷ್ಟರೆಂದು ತಿಳಿಯಬಾರದು. ಸಂಧಿವಾತಕ್ಕಾಗಿ ಟಿ.ಎನ್.ಎಫ್.ಅನ್ನು ಕಟ್ಟಿಹಾಕುವ ಔಷಧವನ್ನು ಪಡೆದವರಲ್ಲಿ, ಒಳಗೆ ಮಲಗಿದ್ದ ಕ್ಷಯವು ಎದ್ದುದನ್ನು 2001ರಲ್ಲಿ ಕಂಡರು.

ಈ ವಿದ್ಯೆಯು ಈಗ ನಮ್ಮ ದೇಶಕ್ಕೂ ಬಂದಿದೆ. ಬೇರೆ ಚಿಕಿತ್ಸೆಗೆ ಜಗ್ಗದ ಬಿ ಕೋಶದ ಲಿಂಫೋಮಾಗಳಿಗೆ, ರೋಗಿಯ ಟಿ ಲಿಂಫೊಸೈಟುಗಳನ್ನೇ ಹೊರತೆಗೆದು, ಅರ್ಬುದವನ್ನು ಗುರುತಿಸುವಂತೆ ತಿದ್ದಿ, ಮರಳಿ ಮೈಗೆ ಬಿಡುವ ಕಾರ್-ಟಿ ಎಂಬ ಚಿಕಿತ್ಸೆಯೊಂದುಂಟು. ಮುಂಬಯಿಯ ಐ.ಐ.ಟಿ.ಯೂ ಟಾಟಾ ಸ್ಮಾರಕ ಆಸ್ಪತ್ರೆಯೂ ಸೇರಿ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಕ್ವಾರ್ಟೆಮಿ 2025ರಲ್ಲಿ ಬಂದಿತು. ತಿದ್ದಿದ ಕಣಗಳು ಕಾಳಗಕ್ಕಿಳಿದಾಗ ಎಷ್ಟೋ ಸಾವಿರ ದೂತರು ಒಮ್ಮೆಗೇ ಹೊರಟು, ಜ್ವರವೇರಿ ರಕ್ತದೊತ್ತಡ ಕುಸಿಯುವ ಚಂಡಮಾರುತವೇ ಏಳಬಹುದು. ಅದನ್ನು ಅಡಗಿಸಲು ವೈದ್ಯರು ಕೈಯಲ್ಲಿ ಹಿಡಿದು ನಿಲ್ಲುವುದು ಅದೇ ಟೋಸಿಲಿಜುಮ್ಯಾಬನ್ನು. ಇದರ ವೆಚ್ಚವು ಹತ್ತಾರು ಲಕ್ಷ ರೂಪಾಯಿ. ಅಡಿಕೆಯ ಧಾರಣೆಯನ್ನು ನಂಬಿದ ಸಂಸಾರಕ್ಕೆ ಎಟುಕುವಂಥದಲ್ಲ.

ನನ್ನ ಶಿಷ್ಯನಿಗೆ ಅದು ಬೇಕಾಗಲಿಲ್ಲ. ಹಾಜ್‌ಕಿನ್ನರ ರೋಗವು ಕಾಲದಲ್ಲಿ ತಿಳಿದರೆ ಅರ್ಬುದಗಳಲ್ಲೆಲ್ಲ ಚೆನ್ನಾಗಿ ಗುಣವಾಗತಕ್ಕವುಗಳಲ್ಲೊಂದು. ಸರಿಯಾದ ಚಿಕಿತ್ಸೆ ದೊರೆತವರಲ್ಲಿ ಹತ್ತರಲ್ಲಿ ಎಂಟು ಮಂದಿಗೂ ಮೇಲ್ಪಟ್ಟು ಐದು ವರ್ಷ ದಾಟುವರು. ನಮ್ಮ ಕಡೆಯವರು ಕೆಲವರು ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ರೈಲು ಹತ್ತಿ ಘಟ್ಟದ ಮೇಲೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವರು. ಇವನು ಮಂಗಳೂರಿನಲ್ಲಿಯೇ, ಹದಿನೈದು ದಿನಕ್ಕೊಮ್ಮೆಯಂತೆ ನಾಲ್ಕು ಔಷಧಗಳ ಚಿಕಿತ್ಸೆಯನ್ನು ಆರು ತಿಂಗಳು ಪಡೆದನು. ಮೊದಲನೆಯ ಸರದಿಯಾದ ಒಂದು ವಾರದೊಳಗೆ ಜ್ವರವೂ ಬೆವರೂ ನಿಂತುವು. ಗಂಟುಗಳಾದರೋ ಕರಗಲು ತಿಂಗಳುಗಳನ್ನು ತೆಗೆದುಕೊಂಡುವು. ವಾರ್ತೆ ಮೊದಲು ನಿಲ್ಲುವುದು, ಬಂದ ಗುಂಪು ಚದರುವುದು ಆಮೇಲೆ ಎಂದು ನಾನು ಹೇಳಿದಾಗ ಅವನು ಮೊದಲ ಬಾರಿಗೆ ನಕ್ಕನು.

ಈ ಮಳೆಗಾಲದ ಆರಂಭದಲ್ಲಿ ಮತ್ತೆ ಬಂದಿದ್ದನು. ತೂಕ ಅರವತ್ತಾರು. ಕೂದಲು ಮೊದಲಿಗಿಂತ ದಟ್ಟವಾಗಿ ಬಂದಿದೆ. ನಾಲ್ಕು ಔಷಧಗಳಲ್ಲಿ ಒಂದು ಶ್ವಾಸಕೋಶಕ್ಕೆ ಕೆಡುಕು ಮಾಡಬಹುದಾದ್ದರಿಂದ, ಈ ವರ್ಷ ಅಡಿಕೆಗೆ ಮದ್ದು ಬಿಡುವ ಕೆಲಸಕ್ಕೆ ಹೋಗಕೂಡದೆಂದು ವೈದ್ಯರು ತಡೆದಿರುವರಂತೆ. “ಆಳು ಸಿಕ್ಕುವುದಿಲ್ಲ ಮಾಸ್ಟ್ರೇ, ಕೊಳೆರೋಗ ಬಂದರೆ ಏನು ಮಾಡಲಿ?” ಎಂದು ಅದೇ ಚಿಂತೆಯಲ್ಲಿ ಕೊಡೆಯನ್ನು ಬಿಡಿಸಿಕೊಂಡು ಹೋದನು.